ಮಹಾಮೃತ್ಯುಂಜಯ ಮಂತ್ರ: ಅರ್ಥ, ಹಿನ್ನೆಲೆ ಮತ್ತು ಪರದೇಶದ ಕೋಣೆಯಲ್ಲಿ ಜಪದ ಕ್ರಮ

ಅಲ್ ಖೋಬರ್: ಹೊತ್ತಲ್ಲದ ಹೊತ್ತಿನಲ್ಲಿ ಊರಿನಿಂದ ಫೋನ್ ಬಂದರೆ ಗಲ್ಫಿನಲ್ಲಿರುವ ಯಾರ ಎದೆಯೂ ಒಮ್ಮೆ ಧಸಕ್ಕೆನ್ನುತ್ತದೆ. ಅಪ್ಪನಿಗೆ ಎದೆನೋವು, ಅಮ್ಮ ಐಸಿಯುನಲ್ಲಿ, ತಂಗಿಗೆ ಹೆರಿಗೆ ಕಷ್ಟವಾಗಿದೆ, ಹೀಗೆ ಏನೋ ಒಂದು. ಹಣ ಕಳಿಸಿದ್ದಾಯಿತು, ಡಾಕ್ಟರ ಹತ್ತಿರ ಮಾತಾಡಿದ್ದಾಯಿತು. ಮುಂದೇನು ಅಂತ ತೋಚದೆ ಕೂತಾಗ ಮನೆಯ ಹಿರಿಯರು ಯಾರಾದರೂ ಹೇಳುತ್ತಾರೆ: "ಅಲ್ಲೇ ಕೂತು ಮೃತ್ಯುಂಜಯ ಜಪ ಮಾಡು ಮಗಾ."

ಸರಿ, ಮಾಡೋಣ. ಆದರೆ ಆ ಮಂತ್ರದಲ್ಲಿ ನಾವು ಕೇಳುವುದು ಏನನ್ನು? ಎಂಟು ಮಂಚದ ಕೋಣೆಯಲ್ಲಿ ಮಾಡುವುದು ಹೇಗೆ? ದೂರದಲ್ಲಿರುವವರಿಗಾಗಿ ಮಾಡಬಹುದೇ? ಎಷ್ಟು ಸಲ? ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ? ನಮ್ಮ ಓದುಗರು ಮತ್ತೆ ಮತ್ತೆ ಕೇಳುವ ಈ ಪ್ರಶ್ನೆಗಳಿಗೆ ಉತ್ತರಗಳನ್ನು ಒಂದೇ ಕಡೆ ಕೊಡುವ ಪ್ರಯತ್ನ ಇದು.

ಎಲ್ಲಿಂದ ಬಂತು ಈ ಮಂತ್ರ?

ಮೃತ್ಯುಂಜಯ ಮಂತ್ರ ಋಗ್ವೇದದ ಏಳನೇ ಮಂಡಲದ 59ನೇ ಸೂಕ್ತದ 12ನೇ, ಅಂದರೆ ಕೊನೆಯ ಋಕ್ಕು. ಆ ಮಂಡಲ ವಸಿಷ್ಠ ಋಷಿಯ ಹೆಸರಿನದು. ಸೂಕ್ತದ ಉಳಿದ ಋಕ್ಕುಗಳು ಮರುತ್ತುಗಳನ್ನು, ಅಂದರೆ ಬಿರುಗಾಳಿಯ ದೇವತೆಗಳನ್ನು ಕರೆಯುತ್ತವೆ. ಕೊನೆಯ ಇದೊಂದು ಮಾತ್ರ ಅವರ ತಂದೆ ರುದ್ರನದು. ಋಗ್ವೇದದ ಮಂತ್ರಗಳನ್ನು ಪದ ಪದವಾಗಿ ಬಿಡಿಸಿ ತೋರಿಸುವ 'ಪದಪಾಠ' ಅಂತ ಒಂದಿದೆ. ಶಾಕಲ್ಯನ ಆ ಪದಪಾಠದಲ್ಲಿ ಬಿಡಿಸದೇ ಬಿಟ್ಟ ಆರು ಋಕ್ಕುಗಳಲ್ಲಿ ಇದೂ ಒಂದು. ಹಾಗಾಗಿ ಇದು ಆ ಸೂಕ್ತಕ್ಕೆ ಆಮೇಲೆ ಸೇರಿದ್ದಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ.

ಯಜುರ್ವೇದದಲ್ಲೂ ಇದೇ ಮಂತ್ರ ಬರುತ್ತದೆ: ತೈತ್ತಿರೀಯ ಸಂಹಿತೆಯ ಮೊದಲನೇ ಕಾಂಡದಲ್ಲಿ (1.8.6), ಶುಕ್ಲ ಯಜುರ್ವೇದದ ಮೂರನೇ ಅಧ್ಯಾಯದಲ್ಲಿ (3.60). ಅಲ್ಲಿ ಅದರ ಬಳಕೆ ತ್ರ್ಯಂಬಕ ಹೋಮ ಎಂಬ ಮನೆಮಂದಿಯ ಆಚರಣೆಯಲ್ಲಿ. ಅದರ ವಿವರ ಬಲು ಚೆಂದ. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ರೊಟ್ಟಿಯಂಥ ಪುರೋಡಾಶ ಸುಡಬೇಕು, ಜೊತೆಗೆ ಒಂದು ಹೆಚ್ಚು. ಆ ಹೆಚ್ಚಿನದು ಇನ್ನೂ ಹುಟ್ಟದ ಮಕ್ಕಳ ಲೆಕ್ಕಕ್ಕೆ ಎಂದು ಶತಪಥ ಬ್ರಾಹ್ಮಣ ಹೇಳುತ್ತದೆ. ಮನೆಯವರು ನಾಲ್ಕು ದಾರಿ ಕೂಡುವಲ್ಲಿ ಬೆಂಕಿಗೆ ಸುತ್ತು ಬಂದು ಈ ಮಂತ್ರ ಹೇಳಬೇಕು. ಉಳಿದದ್ದನ್ನು ಬುಟ್ಟಿಗಳಲ್ಲಿ ತೂಗುಹಾಕಿ, 'ನಿನ್ನ ಪಾಲು ತೆಗೆದುಕೋ, ಬಿಲ್ಲಿನ ಹೆದೆ ಇಳಿಸಿ ನಿನ್ನ ಬೆಟ್ಟಕ್ಕೆ ಹೋಗು' ಎಂಬರ್ಥದಲ್ಲಿ ರುದ್ರನನ್ನು ಬೀಳ್ಕೊಡಬೇಕು.

ಮದುವೆಯಾಗದ ಹೆಣ್ಣುಮಕ್ಕಳು ಇದೇ ಮಂತ್ರವನ್ನು ಸ್ವಲ್ಪ ಬದಲಿಸಿ, ಒಳ್ಳೆಯ ಗಂಡ ಸಿಗಲಿ ಎಂದು ಹೇಳುವ ಕ್ರಮವೂ ಅಲ್ಲೇ ಇದೆ. ಅಥರ್ವವೇದದ ಮದುವೆಯ ಮಂತ್ರಗಳಲ್ಲೂ (14.1.17) ಇದರ ಒಂದು ರೂಪ ಇದೆ: ಹಣ್ಣು ತೊಟ್ಟು ಬಿಡುವ ಹಾಗೆ ಹುಡುಗಿ ತೌರಿನಿಂದ ಬಿಡುಗಡೆಯಾಗಲಿ, ಗಂಡನ ಮನೆಯಿಂದ ಅಲ್ಲ ಎಂದು. ಅಂದರೆ ಇದು ಮೊದಲಿನಿಂದಲೂ ಆಸ್ಪತ್ರೆ-ಸಾವಿನ ಹೊತ್ತಿಗೆ ಮಾತ್ರ ಮೀಸಲಾದ ಮಂತ್ರ ಅಲ್ಲ. ಮನೆಯ ತಲೆ ಎಣಿಸಿ, ಒಬ್ಬರನ್ನೂ ಬಿಡದೆ ಕಾಪಾಡು ಎಂದು ಕೇಳುವ ಮಂತ್ರ.

ಪದಗಳ ಅರ್ಥ

ಮಂತ್ರದ ಪೂರ್ಣ ಪಾಠವನ್ನು ಇಲ್ಲಿ ಅಚ್ಚು ಹಾಕುತ್ತಿಲ್ಲ. ವೇದಮಂತ್ರ ಕಣ್ಣಿನಿಂದ ಅಲ್ಲ, ಕಿವಿಯಿಂದ ಕಲಿಯಬೇಕಾದ್ದು. ಬಲ್ಲವರ ಬಾಯಿಂದ ಕೇಳಿ ಕಲಿಯಿರಿ. ಮುಖ್ಯ ಪದಗಳ ಅರ್ಥ ಮಾತ್ರ ಇಲ್ಲಿದೆ.

ತ್ರ್ಯಂಬಕ: ಮುಕ್ಕಣ್ಣ ಎಂಬುದು ಎಲ್ಲರಿಗೂ ಗೊತ್ತಿರುವ ಅರ್ಥ. 'ಅಂಬಾ' ಅಂದರೆ ತಾಯಿ, ಹಾಗಾಗಿ ಮೂವರು ತಾಯಂದಿರುಳ್ಳವನು ಎಂದೂ ಹೇಳುತ್ತಾರೆ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ವೇದಗಳಿಗೆ ಭಾಷ್ಯ ಬರೆದ ಸಾಯಣರು ಬ್ರಹ್ಮ, ವಿಷ್ಣು, ರುದ್ರ ಮೂವರಿಗೂ ತಂದೆ ಎಂದು ಅರ್ಥ ಹೇಳಿದ್ದಾರೆ.

ಯಜಾಮಹೇ: ಪೂಜಿಸುತ್ತೇವೆ. ಇದು ಬಹುವಚನ. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸುಗಂಧಿ: ಒಳ್ಳೆಯ ಪರಿಮಳದವನು.

ಪುಷ್ಟಿವರ್ಧನ: ಪುಷ್ಟಿಯನ್ನು ಹೆಚ್ಚಿಸುವವನು. ಮೈಯ ಕಸುವು, ಮನೆಯ ಅನ್ನ, ದನಕರು, ಮಕ್ಕಳುಮರಿ ಎಲ್ಲವೂ ಪುಷ್ಟಿಯೇ.

ಉರ್ವಾರುಕ: ಸೌತೆಯ ಜಾತಿಯ ಬಳ್ಳಿಯ ಹಣ್ಣು.

ಬಂಧನ: ಇಲ್ಲಿ ಸಂಕೋಲೆ ಅಲ್ಲ, ಹಣ್ಣಿನ ತೊಟ್ಟು.

ಕೊನೆಯ ಪಾದದಲ್ಲಿ ಎರಡು ಮಾತಿದೆ: ಮೃತ್ಯುವಿನಿಂದ ಬಿಡುಗಡೆಯಾಗಲಿ, ಅಮೃತದಿಂದ ಬೇಡ. ಇಲ್ಲಿ ಅಮೃತ ಎಂದರೆ ಕುಡಿಯುವ ಪಾನೀಯವೇ ಆಗಬೇಕಿಲ್ಲ. ಪೂರ್ತಿ ಆಯುಷ್ಯ ಬಾಳುವುದೇ ಮನುಷ್ಯನ ಮಟ್ಟಿಗೆ ಅಮೃತತ್ವ ಎಂಬ ಅಭಿಪ್ರಾಯ ಶತಪಥ ಬ್ರಾಹ್ಮಣದಲ್ಲೇ ಇದೆ.

ಒಂದು ವಿಷಯ ಗಮನಿಸಿ. ಇಡೀ ಮಂತ್ರದಲ್ಲಿ 'ರೋಗ' ಎಂಬ ಪದವೇ ಇಲ್ಲ. 'ಮೃತ್ಯುಂಜಯ' ಎಂಬ ಹೆಸರೂ ಇಲ್ಲ, ಅದು ಆಮೇಲೆ ಬಂದದ್ದು. ಹಾಗಾದರೆ ಇದು ಆರೋಗ್ಯದ ಮಂತ್ರ ಆದದ್ದು ಹೇಗೆ? ಉತ್ತರ ರುದ್ರನ ಸ್ವಭಾವದಲ್ಲಿದೆ. ವೇದದ ರುದ್ರ ಬಾಣ ಬಿಟ್ಟು ರೋಗ ತರುವವನೂ ಹೌದು, ಕೈಯಲ್ಲಿ ಮದ್ದು ಹಿಡಿದವನೂ ಹೌದು. ಋಗ್ವೇದದ ಎರಡನೇ ಮಂಡಲದ 33ನೇ ಸೂಕ್ತ ಅವನನ್ನು ವೈದ್ಯರಲ್ಲೆಲ್ಲ ದೊಡ್ಡ ವೈದ್ಯ ಎಂದು ಕರೆಯುತ್ತದೆ. ಶಿವಾಲಯಗಳಲ್ಲಿ ಅಭಿಷೇಕದ ಹೊತ್ತಿಗೆ ಹೇಳುವ ನಮಕದಲ್ಲೂ ಅವನು ದೇವತೆಗಳ ಮೊದಲ ವೈದ್ಯ.

ಹಣ್ಣಿನ ಮಾತು

ನಮ್ಮೂರಿನ ಬಳ್ಳಿಗಳನ್ನು ಬಲ್ಲವರಿಗೆ ಈ ಹೋಲಿಕೆ ತಕ್ಷಣ ಅರ್ಥವಾಗುತ್ತದೆ. ಎಳೆ ಕಾಯಿಯನ್ನು ಕೀಳಬೇಕಾದರೆ ಎಳೆಯಬೇಕು, ಇಲ್ಲಾ ಕತ್ತಿ ಬೇಕು. ಕೆಕ್ಕರಿಕೆ ಹಣ್ಣೋ ಖರಬೂಜವೋ ಪೂರ್ತಿ ಮಾಗಿದಾಗ ಹಾಗಲ್ಲ. ಹಣ್ಣು ನೆಲದ ಮೇಲೆ ಇದ್ದ ಹಾಗೇ ಇರುತ್ತದೆ, ತೊಟ್ಟಿನ ಬುಡದಲ್ಲಿ ಬಿರುಕು ಬಿಟ್ಟು ಬಳ್ಳಿಯೇ ಕಳಚಿಕೊಳ್ಳುತ್ತದೆ. ಬಳ್ಳಿಗೂ ಗಾಯವಿಲ್ಲ, ಹಣ್ಣಿಗೂ ಪೆಟ್ಟಿಲ್ಲ. ಶುಕ್ಲ ಯಜುರ್ವೇದಕ್ಕೆ ಭಾಷ್ಯ ಬರೆದ ಮಹೀಧರ ಹೇಳುವುದೂ ಇದನ್ನೇ: ಬಹಳ ಹಣ್ಣಾದ ಫಲ ತಾನಾಗಿ ತೊಟ್ಟಿನಿಂದ ಬಿಡಿಸಿಕೊಳ್ಳುವ ಹಾಗೆ.

ಖೋಬರಿನ ಮಾರ್ಕೆಟ್ಟಿನಲ್ಲಿ ಖರಬೂಜಕ್ಕೆ 'ಶಮ್ಮಾಮ್' ಅನ್ನುತ್ತಾರೆ. ಮೂಸುವುದು ಎಂಬ ಅರ್ಥದ ಅರಬಿ ಧಾತುವಿನಿಂದ ಬಂದ ಹೆಸರು ಅದು. ಮೂಗಿಗೆ ಹಿಡಿದರೆ ಹಣ್ಣಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮಂತ್ರದಲ್ಲಿ ಪರಿಮಳ, ಪುಷ್ಟಿ, ಹಣ್ಣು ಒಂದರ ಹಿಂದೆ ಒಂದು ಬರುವುದು ಸುಮ್ಮನೆ ಅಲ್ಲ ಅಂತ ಆಗ ಅನ್ನಿಸುತ್ತದೆ.

ಇಲ್ಲಿಂದ ಒಂದು ದೊಡ್ಡ ತಿಳಿವಳಿಕೆ ಸಿಗುತ್ತದೆ. ಸಾವೇ ಬೇಡ ಎಂದು ಈ ಮಂತ್ರ ಕೇಳುವುದಿಲ್ಲ. ಕಾಯಿಯಾಗಿದ್ದಾಗ ಕೀಳಬೇಡ ಎಂದು ಕೇಳುತ್ತದೆ. 28ನೇ ವಯಸ್ಸಿನಲ್ಲಿ ಅಪಘಾತವಾಗಿ ಆಸ್ಪತ್ರೆ ಸೇರಿದವನಿಗೆ ಹೇಳುವಾಗ ಅದು 'ಇನ್ನೂ ಹೊತ್ತಾಗಿಲ್ಲ, ಉಳಿಸು' ಎಂಬ ಮೊರೆ. 88ನೇ ವಯಸ್ಸಿನ ಅಜ್ಜಿಯ ಹಾಸಿಗೆಯ ಪಕ್ಕ ಹೇಳುವಾಗ 'ನೋವಿಲ್ಲದೆ ಕಳಚಿಕೊಳ್ಳಲಿ' ಎಂಬ ಬೇಡಿಕೆ. ಎರಡಕ್ಕೂ ಮಾತು ಅದೇ. ಆದ್ದರಿಂದ ಇಷ್ಟು ಜಪ ಮಾಡಿದರೂ ಅಪ್ಪ ಉಳಿಯಲಿಲ್ಲವಲ್ಲ, ನನ್ನ ಜಪದಲ್ಲೇ ಏನೋ ಕುಂದು ಇತ್ತು ಎಂದು ಯಾರೂ ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ.

ದೂರದಲ್ಲಿರುವವರಿಗಾಗಿ ಮಾಡಬಹುದೇ?

ಮಾಡಬಹುದು. ಮಂತ್ರದ ವ್ಯಾಕರಣವೇ ಅದಕ್ಕೆ ಒಪ್ಪಿಗೆ ಕೊಡುತ್ತದೆ. ಶುರುವಾಗುವುದು ಬಹುವಚನದಲ್ಲಿ: 'ನಾವು' ಪೂಜಿಸುತ್ತೇವೆ. ಮುಗಿಯುವುದು ಏಕವಚನದಲ್ಲಿ: 'ನಾನು' ಬಿಡುಗಡೆಯಾಗಲಿ. ಪೂಜಿಸುವಾಗ ಇಡೀ ಮನೆ ಇದೆ. ಬಿಡುಗಡೆಯ ಹೊತ್ತಿಗೆ ಪ್ರತಿಯೊಬ್ಬರೂ ಒಬ್ಬೊಬ್ಬರೇ. ಖೋಬರಿನಲ್ಲಿ ಒಬ್ಬನೇ ಕೂತು ಹೇಳುವವನೂ 'ನಾವು' ಎಂದೇ ಹೇಳಬೇಕು. ಹಾಗೆ ಹೇಳಿದ ಕೂಡಲೇ ಊರಿನ ದೇವರ ಕೋಣೆಯ ಸಾಲಿನಲ್ಲಿ ಅವನಿಗೂ ಒಂದು ಜಾಗ ಇದ್ದ ಹಾಗಾಯಿತು. ತ್ರ್ಯಂಬಕ ಹೋಮದಲ್ಲಿ ಹುಟ್ಟದ ಮಗುವಿಗೂ ಒಂದು ಪಾಲು ಎತ್ತಿಡುವವರು ಪರದೇಶಕ್ಕೆ ಹೋದ ಮಗನನ್ನು ಬಿಟ್ಟಾರೆಯೇ?

ಕಾಯಿಲೆಯವರ ಪರವಾಗಿ ಜಪಿಸುವಾಗ ಮಂತ್ರದ ಪದ ಬದಲಿಸಬಾರದು. ಮೊದಲಿನ ಸಂಕಲ್ಪದಲ್ಲಿ ಅವರ ಹೆಸರು, ಗೋತ್ರ, ನಕ್ಷತ್ರ ಹೇಳಿದರೆ ಸಾಕು. ಗೋತ್ರ ಗೊತ್ತಿಲ್ಲದಿದ್ದರೆ ಹೆಸರು ಸಾಕು. ಸಂಸ್ಕೃತ ಬಾರದಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿಕೊಳ್ಳಿ: ಇಂಥ ಊರಿನ, ಇಂಥವರ ಮಗ ನಾನು, ಅಲ್ ಖೋಬರಿನಲ್ಲಿ ಇದ್ದುಕೊಂಡು, ನನ್ನ ತಾಯಿಯ ಆರೋಗ್ಯಕ್ಕಾಗಿ ಇಷ್ಟು ದಿನ ಇಷ್ಟು ಜಪ ಮಾಡುತ್ತೇನೆ. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ.

ಮಾರ್ಕಂಡೇಯ ಮತ್ತು ಹಕೀಮ್ ನಂಜುಂಡ

ಈ ಮಂತ್ರದ ಜೊತೆ ಸೇರಿಕೊಂಡ ಕಥೆ ಮಾರ್ಕಂಡೇಯನದು. ಮೃಕಂಡು ಮುನಿಗೆ ಶಿವ ಕೊಟ್ಟ ಮಗನಿಗೆ ಹದಿನಾರೇ ವರ್ಷ ಆಯುಷ್ಯ. ಹೊತ್ತು ಬಂದಾಗ ಹುಡುಗ ಶಿವಲಿಂಗವನ್ನು ತಬ್ಬಿಕೊಂಡ. ಯಮ ಎಸೆದ ಪಾಶ ಲಿಂಗಕ್ಕೂ ಬಿತ್ತು. ಲಿಂಗದಿಂದ ಹೊರಬಂದ ಶಿವ ಯಮನನ್ನೇ ಒದ್ದು ಕಾಲಾಂತಕ ಎನಿಸಿದ. ಇನ್ನೊಂದು ಕಥೆ ಶಿವಪುರಾಣದಲ್ಲಿದೆ: ಪೆಟ್ಟು ತಿಂದು ಬಿದ್ದ ದಧೀಚಿಯನ್ನು ಬದುಕಿಸಿದ ಶುಕ್ರಾಚಾರ್ಯರು ಅವನಿಗೆ ಈ ಮಂತ್ರವನ್ನು ಉಪದೇಶಿಸಿದರು.

ಕನ್ನಡ ನಾಡಿನಲ್ಲಿ ವೈದ್ಯನಾದ ಶಿವನ ದೊಡ್ಡ ಕ್ಷೇತ್ರ ಕಪಿಲಾ ದಂಡೆಯ ನಂಜನಗೂಡು. ಸಮುದ್ರ ಮಥನದಲ್ಲಿ ಬಂದ ನಂಜನ್ನು ಉಂಡವನು ನಂಜುಂಡ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣು ಕಾಣದಾಗಿ, ನಂಜುಂಡೇಶ್ವರನಿಗೆ ಹರಕೆ ಹೊತ್ತ ಮೇಲೆ ಗುಣವಾಯಿತು, ಸುಲ್ತಾನ ಪಚ್ಚೆಯ ಲಿಂಗ ಅರ್ಪಿಸಿ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದ ಎಂಬುದು ಪ್ರತೀತಿ. ಹಕೀಮ್ ಎಂಬ ಪದದ ತೂಕ ಇಲ್ಲಿರುವ ನಮಗೆ ವಿವರಿಸಬೇಕಾಗಿಲ್ಲ. ಅದೇ ನಂಜನಗೂಡಿನಲ್ಲಿ 1913ರಲ್ಲಿ ಸದ್ವೈದ್ಯಶಾಲೆ ಹುಟ್ಟಿತು, ಅದರ ಹಲ್ಲುಪುಡಿ ಮನೆಮನೆಗೂ ಹೋಯಿತು. ಹರಕೆಯ ಊರಿನಲ್ಲೇ ಮದ್ದಿನ ಅಂಗಡಿ. ನಮ್ಮ ಹಿರಿಯರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಯಾವತ್ತೂ ಹೇಳಲಿಲ್ಲ.

ಜಪ ಮಾಡುವ ಕ್ರಮ

ವಿಧಿ ಒಂದೊಂದು ಮನೆತನದಲ್ಲಿ ಒಂದೊಂದು ರೀತಿ ಇರುತ್ತದೆ. ನಿಮ್ಮ ಮನೆಯ ಪುರೋಹಿತರು ಹೇಳಿದ್ದೇ ನಿಮಗೆ ಮೊದಲ ಮಾತು. ಸಾಮಾನ್ಯ ಕ್ರಮ ಹೀಗಿದೆ.

1. ಸ್ನಾನ ಮಾಡಿ, ಆಗದಿದ್ದರೆ ಕೈಕಾಲು ಮುಖ ತೊಳೆದು, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂತುಕೊಳ್ಳಿ. ನೆಲದಲ್ಲಿ ಜಾಗವಿಲ್ಲದಿದ್ದರೆ ಮಂಚದ ಮೇಲೆ ಶುದ್ಧ ವಸ್ತ್ರ ಹಾಸಿ ಕೂತರೆ ಆಯಿತು.

2. ಗಣಪತಿಯನ್ನೂ ಕುಲದೇವರನ್ನೂ ನೆನೆದು ಸಂಕಲ್ಪ ಮಾಡಿ.

3. ಋಷಿ ವಸಿಷ್ಠ, ಛಂದಸ್ಸು ಅನುಷ್ಟುಪ್, ದೇವತೆ ರುದ್ರ ಎಂದು ನೆನೆಯಿರಿ. ಮಂತ್ರ ಕೊಟ್ಟವನಿಗೆ, ಅದರ ಲಯಕ್ಕೆ, ಅದು ಕರೆಯುವ ದೇವರಿಗೆ ಮೊದಲು ಒಂದು ನಮಸ್ಕಾರ ಅಂತ ಇದರ ಅರ್ಥ.

4. ಜಪ ಶುರು ಮಾಡಿ. ರುದ್ರಾಕ್ಷಿ ಮಾಲೆಯಲ್ಲಿ 108 ಮಣಿ ಮತ್ತು ಒಂದು ಮೇರು. ಮೇರುವನ್ನು ದಾಟಬಾರದು, ಅಲ್ಲಿಂದ ಮಾಲೆ ತಿರುಗಿಸಿಕೊಳ್ಳಬೇಕು. ಮಾಲೆ ಇಲ್ಲವೇ? ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳಿನ ಗೆಣ್ಣುಗಳ ನಡುವೆ 12 ಭಾಗಗಳಿವೆ. ಒಂಬತ್ತು ಸುತ್ತು ಎಣಿಸಿದರೆ 108.

5. ಮುಗಿದ ಮೇಲೆ ಜಪದ ಫಲವನ್ನು ದೇವರಿಗೆ ಒಪ್ಪಿಸಿ, ಕಾಯಿಲೆಯವರ ಮುಖವನ್ನು ಒಮ್ಮೆ ನೆನೆದು ಏಳಿ.

ಉಚ್ಚಾರಣೆಯಲ್ಲಿ ಎರಡು ಕಡೆ ಎಚ್ಚರ ಬೇಕು. ಮಂತ್ರಕ್ಕೆ ಒಟ್ಟು 32 ಅಕ್ಷರ. ಆದರೆ ಬಾಯಲ್ಲಿ ಹೇಳುವಾಗ ಮೊದಲ ಪಾದದಲ್ಲಿ ಏಳು, ಮೂರನೆಯದರಲ್ಲಿ ಒಂಬತ್ತು ಬರುತ್ತದೆ. ಮೂರನೇ ಪಾದದಲ್ಲಿ ಉಸಿರು ಸಾಲದೆ ಹಣ್ಣಿನ ಹೆಸರನ್ನು ತುಂಡು ಮಾಡುವವರಿದ್ದಾರೆ, ಹಾಗೆ ಮಾಡಬೇಡಿ. ಇನ್ನೊಂದು, ಕೊನೆಯ ಪಾದದಲ್ಲಿ ಬರುವ 'ಮಾ' ದೀರ್ಘ. 'ಬೇಡ' ಎಂಬ ಅರ್ಥ ಇರುವುದು ಅದರಲ್ಲೇ. ಅದನ್ನು ಗಿಡ್ಡ ಮಾಡಿದರೆ ಅರ್ಥವೇ ಕೆಡುತ್ತದೆ. ಅದನ್ನು 'ಅಮೃತ'ದ ಜೊತೆ ಸೇರಿಸಿಯೇ ಹೇಳಬೇಕು.

ಮಂತ್ರದ ಹಿಂದೆ ಮುಂದೆ 'ಹೌಂ', 'ಜೂಂ', 'ಸಃ' ಮುಂತಾದ ಬೀಜಾಕ್ಷರ ಸೇರಿಸುವುದು ತಂತ್ರಶಾಸ್ತ್ರದ ಕ್ರಮ. ಗುರುವಿಲ್ಲದೆ ಅದು ಬೇಡ. ಉಪನಯನವಾಗದವರು, ಹೆಂಗಸರು ವೇದಮಂತ್ರ ಹೇಳಬಾರದು ಎಂಬ ಹಳೆಯ ಅಭಿಪ್ರಾಯ ಇದೆ. ಎಲ್ಲರೂ ಹೇಳಬಹುದು ಎಂದು ಕಲಿಸುವ ಗುರುಗಳೂ ಇಂದು ಬೇಕಾದಷ್ಟು ಇದ್ದಾರೆ. ಮನಸ್ಸು ಅಳುಕಿದರೆ 'ನಮಃ ಶಿವಾಯ' ಎಂಬ ಪಂಚಾಕ್ಷರಿ ಇದೆ. ಯಜುರ್ವೇದದ ನಮಕದ ಎಂಟನೇ ಅನುವಾಕದಲ್ಲಿರುವ ಅದನ್ನು ನಮ್ಮ ನಾಡಿನಲ್ಲಿ ಶರಣರಿಂದ ಹಿಡಿದು ಹಳ್ಳಿಯ ಅಜ್ಜಿಯವರೆಗೆ ಎಲ್ಲರೂ ಹೇಳಿಕೊಂಡು ಬಂದಿದ್ದಾರೆ.

ಎಷ್ಟು ಜಪ, ಎಷ್ಟು ಹೊತ್ತು?

ಅವಸರವಿಲ್ಲದೆ ಹೇಳಿದರೆ ಒಂದು ಮಂತ್ರಕ್ಕೆ ಸುಮಾರು ಹತ್ತು ಸೆಕೆಂಡು. 108ಕ್ಕೆ 18 ನಿಮಿಷ. ಕೆಲಸ ಮುಗಿಸಿ ಬಂದು ಸ್ನಾನ ಮಾಡಿ, ಅಡುಗೆಯ ಪಾಳಿಗೆ ಮೊದಲು ಸಿಗುವ ಹೊತ್ತು ಇಷ್ಟೇ ತಾನೇ? ಸಾಕು.

ದೊಡ್ಡ ಅನುಷ್ಠಾನಕ್ಕೆ ಹೇಳುವ ಸಂಖ್ಯೆ ಒಂದೂಕಾಲು ಲಕ್ಷ. ದಿನಕ್ಕೆ ಒಂದು ಮಾಲೆಯಂತೆ ಅದು ಮುಗಿಯಲು 1,158 ದಿನ, ಅಂದರೆ ಮೂರು ವರ್ಷಕ್ಕೂ ಹೆಚ್ಚು. ದಿನಕ್ಕೆ ಎರಡು ಮಾಲೆಯಾದರೆ 579 ದಿನ, ಎರಡು ವರ್ಷದ ಎಗ್ರಿಮೆಂಟಿನ ಒಳಗೆ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಇರುವವರಿಗಾಗಿ ಅಷ್ಟು ಕಾಯಲಾಗದು. ಅದಕ್ಕೇ ಪುರೋಹಿತರು ನಾಲ್ಕಾರು ಜನ ಸೇರಿ ಹಂಚಿಕೊಂಡು ಮಾಡುತ್ತಾರೆ. ಮನೆಯವರೂ ಹಂಚಿಕೊಳ್ಳಬಹುದು. ನಮಗೂ ಊರಿಗೂ ಎರಡೂವರೆ ಗಂಟೆ ವ್ಯತ್ಯಾಸ. ಇಲ್ಲಿ ಸಂಜೆ 5ಕ್ಕೆ ನೀವು ಕೂತರೆ ಅಲ್ಲಿ ಏಳೂವರೆ, ದೀಪ ಹಚ್ಚಿ ಭಜನೆ ಮಾಡುವ ಹೊತ್ತು. ಶುಕ್ರವಾರ ರಜೆಯ ದಿನ ಹೀಗೆ ಒಟ್ಟಿಗೆ ಕೂರುವುದು ಸುಲಭ. ಸಂಖ್ಯೆಗಿಂತ ತಪ್ಪದೆ ಮಾಡುವುದು ಮುಖ್ಯ. ಹನ್ನೊಂದೇ ಆದರೂ ದಿನಾ ಹನ್ನೊಂದು.

ಸೌದಿಯಲ್ಲಿ ಗಮನಿಸಬೇಕಾದ್ದು

ಸೌದಿ ಅರೇಬಿಯಾದಲ್ಲಿ ಹಿಂದೂ ದೇವಸ್ಥಾನವಿಲ್ಲ, ಇಸ್ಲಾಮೇತರ ಸಾರ್ವಜನಿಕ ಪೂಜೆಗೆ ಅವಕಾಶವಿಲ್ಲ. ಜಪಕ್ಕೆ ಇದರಿಂದ ತೊಡಕೇನೂ ಇಲ್ಲ. ಜಪದಲ್ಲಿ ಮೂರು ಬಗೆ: ಕೇಳುವಂತೆ ಹೇಳುವುದು ವಾಚಿಕ, ತುಟಿ ಅಲ್ಲಾಡಿದರೂ ಪಕ್ಕದವರಿಗೆ ಕೇಳಿಸದ್ದು ಉಪಾಂಶು, ಮನಸ್ಸಿನಲ್ಲೇ ನಡೆಯುವುದು ಮಾನಸ. ಮನುಸ್ಮೃತಿಯ ಎರಡನೇ ಅಧ್ಯಾಯದ ಲೆಕ್ಕದಲ್ಲಿ ಯಜ್ಞಕ್ಕಿಂತ ಜಪ ಹತ್ತು ಪಟ್ಟು, ಉಪಾಂಶು ನೂರು ಪಟ್ಟು, ಮಾನಸ ಸಾವಿರ ಪಟ್ಟು ಮೇಲು. ಅಂದರೆ ಹಂಚಿಕೊಂಡ ಕೋಣೆಯಲ್ಲಿ ಅನಿವಾರ್ಯವಾಗಿ ಮಾಡುವ ಮೌನ ಜಪವೇ ಶಾಸ್ತ್ರದ ಪ್ರಕಾರ ಎಲ್ಲಕ್ಕಿಂತ ಮೇಲಿನದು.

ನೈಟ್ ಡ್ಯೂಟಿ ಮುಗಿಸಿ ಮಲಗಿದವರ ನಿದ್ದೆ ಕೆಡಿಸಿ ಸ್ಪೀಕರಿನಲ್ಲಿ ಮಂತ್ರ ಹಾಕುವುದು ಪುಣ್ಯದ ಕೆಲಸ ಅಲ್ಲ. ಇಯರ್‌ಫೋನ್ ಇದೆ. ಕ್ಯಾಂಪಿನ ಕೋಣೆಯಲ್ಲಿ ಕರ್ಪೂರ, ಊದುಬತ್ತಿ, ದೀಪ ಬೇಡ, ಬೆಂಕಿ ಅನಾಹುತದ ಭಯ ಇದ್ದೇ ಇದೆ. ಗುಂಪು ಸೇರಿಸುವುದು, ವಿಡಿಯೊ ಮಾಡಿ ಹಂಚುವುದು ಬೇಡ. ಊರಿನಿಂದ ಪ್ರಸಾದ ತರುವಾಗ ಗಸಗಸೆ ಇರುವ ಯಾವುದನ್ನೂ ತರಬೇಡಿ, ಇಲ್ಲಿ ಅದು ನಿಷಿದ್ಧ, ಜೈಲಿಗೆ ಹೋಗುವ ಮಾತು. ನಮ್ಮ ಕೋಣೆಗಳಲ್ಲಿ ಒಂದು ಮಂಚದಲ್ಲಿ ನಮಾಜಿನ ಚಾಪೆ, ಒಂದರಲ್ಲಿ ಜಪಸರ, ಇನ್ನೊಂದರಲ್ಲಿ ರುದ್ರಾಕ್ಷಿ ಇರುವುದು ಹೊಸತಲ್ಲ. ಒಬ್ಬರ ತಾಯಿಗೆ ಹುಷಾರಿಲ್ಲ ಅಂದಾಗ ಪಕ್ಕದ ಮಂಚದವರೂ ದುವಾ ಮಾಡುತ್ತಾರೆ. ಆ ಸೌಹಾರ್ದಕ್ಕೆ ಧಕ್ಕೆ ಬಾರದಂತೆ ನಡೆದುಕೊಳ್ಳುವುದೂ ಜಪದ ನಿಯಮವೇ.

ದೇವಸ್ಥಾನಕ್ಕೇ ಹೋಗಬೇಕು ಎನ್ನುವವರಿಗೆ, ವೀಸಾ ಅನುಕೂಲ ಇದ್ದರೆ, ಹತ್ತಿರದ್ದು ಬಹರೈನ್. 1986ರಲ್ಲಿ ತೆರೆದ, ಸುಮಾರು 25 ಕಿಲೋಮೀಟರಿನ ಕಿಂಗ್ ಫಹದ್ ಸೇತುವೆ ಶುರುವಾಗುವುದೇ ಖೋಬರಿನಿಂದ. ಅತ್ತ ಮನಾಮದಲ್ಲಿ ಇನ್ನೂರು ವರ್ಷ ಹಳೆಯ ಶ್ರೀನಾಥಜಿ ದೇವಸ್ಥಾನ ಇದೆ. ಒಮಾನಿನ ಮಸ್ಕತ್ತಿನಲ್ಲಿ ಹಳೆಯ ಶಿವಾಲಯವೇ ಇದೆ.

ಊರಿನಲ್ಲಿ ಹೋಮ ಮಾಡಿಸುವುದಾದರೆ

ಕರಾವಳಿ ಮತ್ತು ಕಾಸರಗೋಡು ಕಡೆ ಮೃತ್ಯುಂಜಯ ಹೋಮ ಮಾಡಿಸುವುದು ವಾಡಿಕೆ. ತಂತ್ರದ ಕ್ರಮದಲ್ಲಿ ಏಳು ದ್ರವ್ಯ: ಅಮೃತಬಳ್ಳಿ, ಆಲದ ಸಮಿಧೆ, ಎಳ್ಳು, ಗರಿಕೆ, ಹಾಲು, ತುಪ್ಪ, ಪಾಯಸ. ಎಲ್ಲವೂ ತೋಟ, ಕೊಟ್ಟಿಗೆಗಳಲ್ಲಿ ಸಿಗುವಂಥವು. ಲಕ್ಷಗಟ್ಟಲೆ ಖರ್ಚಿನ ಬಾಬತ್ತು ಇದಲ್ಲ. ಫೋನಿನಲ್ಲಿ 'ನಿಮ್ಮ ತಾಯಿಗೆ ಗಂಡಾಂತರ ಇದೆ, ಇವತ್ತೇ ಇಷ್ಟು ರಿಯಾಲ್ ಹಾಕಿ' ಎನ್ನುವವರಿಂದ ದೂರ ಇರಿ. ಹೆದರಿಸಿ ಹಣ ಕೇಳುವವರು ಪುರೋಹಿತರಲ್ಲ. ಮನೆಯ ಪುರೋಹಿತರಿಂದಲೋ, ದೇವಸ್ಥಾನದ ಕೌಂಟರಿನಲ್ಲಿ ರಸೀದಿ ಪಡೆದೋ ಮಾಡಿಸಿ.

ವಿಜ್ಞಾನ ಏನು ಹೇಳುತ್ತದೆ?

ಇಟಲಿಯ ಪಾವಿಯಾದ ವೈದ್ಯರ ತಂಡ 23 ಜನರನ್ನು ಪರೀಕ್ಷಿಸಿ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವರದಿ ಪ್ರಕಟಿಸಿತು. ಕ್ರೈಸ್ತರ ಜಪಸರದ ಪ್ರಾರ್ಥನೆ ಇರಲಿ, ಟಿಬೆಟಿನ ಬೌದ್ಧ ಮಂತ್ರ ಇರಲಿ, ಹೇಳುವಾಗ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ಹೃದಯದ ವ್ಯವಸ್ಥೆ ಚುರುಕಾಯಿತು. ನಮ್ಮ ಮಂತ್ರವನ್ನು ಹತ್ತು ಸೆಕೆಂಡಿಗೊಂದರಂತೆ ಒಂದೇ ಉಸಿರಿನಲ್ಲಿ ಹೇಳಿದರೂ ನಿಮಿಷಕ್ಕೆ ಆರೇ ಆಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನದಲ್ಲಿ, ಓಂಕಾರ ಹೇಳುವಾಗ ಮಿದುಳಿನಲ್ಲಿ ಭಯ, ಉದ್ವೇಗಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿದ್ದು ಸ್ಕ್ಯಾನಿನಲ್ಲಿ ಕಂಡಿತು. ಅಂದರೆ ಜಪಿಸುವವರಿಗೆ ಅದರಿಂದ ಸಮಾಧಾನ ಸಿಗುತ್ತದೆ ಎಂಬುದಕ್ಕೆ ಆಧಾರ ಇದೆ.

ದೂರದಲ್ಲಿರುವ ರೋಗಿಗೆ? ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಮಾಡಿಸಿಕೊಂಡ 1,802 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಅಲ್ಲಿ ಪ್ರಾರ್ಥಿಸಿದ್ದು ಕ್ರೈಸ್ತ ಗುಂಪುಗಳು. ನಿಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಎಂದಷ್ಟೇ ಹೇಳಿಸಿಕೊಂಡವರಲ್ಲಿ, ಪ್ರಾರ್ಥನೆ ನಡೆದವರಲ್ಲಿ 52 ಶೇಕಡ, ನಡೆಯದವರಲ್ಲಿ 51 ಶೇಕಡ ಜನರಿಗೆ ತೊಂದರೆಗಳಾದವು. ವ್ಯತ್ಯಾಸ ಇಲ್ಲವೇ ಇಲ್ಲ ಎನ್ನಬೇಕು. ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಖಚಿತವಾಗಿ ತಿಳಿದವರಲ್ಲಿ ಅದು 59 ಶೇಕಡ. ಈ ಏರಿಕೆ ಕಾಕತಾಳೀಯ ಇರಬಹುದು ಎಂದು ಸಂಶೋಧಕರೇ ಹೇಳಿದರು. ಆದರೂ ಇದರಿಂದ ನಮಗೊಂದು ಪಾಠ ಇದೆ: 'ನಿಮಗೋಸ್ಕರ ಒಂದೂಕಾಲು ಲಕ್ಷ ಜಪ ಮಾಡಿಸುತ್ತಿದ್ದೇವೆ' ಎಂದು ಕಾಯಿಲೆಯವರ ಮುಂದೆ ಹೇಳಿ ಅವರ ಗಾಬರಿ ಹೆಚ್ಚಿಸಬೇಡಿ. 'ಊಟ ಸೇರ್ತಾ ಇದೆಯಾ ಅಮ್ಮ?' ಎಂದು ಕೇಳಿ. ಜಪ ನಿಮ್ಮ ಮತ್ತು ದೇವರ ನಡುವೆ ಇರಲಿ.

ಜಪದ ಜೊತೆಗೆ ಮಾಡಲೇಬೇಕಾದ್ದು

ಮಂತ್ರ ಮದ್ದಿಗೆ ಬದಲಿ ಅಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಜಪ ಶುರು ಮಾಡಿದೆ ಅಂತ ನಿಲ್ಲಿಸಬೇಡಿ. ಇದು ಊರಿನವರಿಗೆ ಎಷ್ಟು ಅನ್ವಯವೋ, ಇಲ್ಲಿ ನಮಗೂ ಅಷ್ಟೇ. ಖಾಸಗಿ ಕಂಪನಿಯ ನೌಕರರಿಗೆ ಮಾಲೀಕರೇ ಆರೋಗ್ಯ ವಿಮೆ ಮಾಡಿಸಬೇಕೆಂಬ ಕಾನೂನು ಸೌದಿಯಲ್ಲಿದೆ. ಕಾರ್ಡು ಕೈಯಲ್ಲಿ ಇದ್ದೂ ಎದೆ ಹಿಂಡುವುದನ್ನು ಗ್ಯಾಸ್ ಅಂದುಕೊಂಡು ಮಲಗುವವರು ನಮ್ಮಲ್ಲೇ ಇದ್ದಾರೆ. ಎದೆನೋವು ಕೈಗೋ ದವಡೆಗೋ ಹರಿದರೆ, ಬೆವರು ಕಿತ್ತು ಬಂದರೆ, ಮಾತು ತೊದಲಿದರೆ ತಡ ಮಾಡದೆ 997ಕ್ಕೆ ಕರೆ ಮಾಡಿ, ರೆಡ್ ಕ್ರೆಸೆಂಟ್ ಆಂಬುಲೆನ್ಸ್ ಬರುತ್ತದೆ. ಸಲಹೆಗೆ ಆರೋಗ್ಯ ಇಲಾಖೆಯ 937 ಇದೆ. ಬೇಸಿಗೆಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಇರುವುದು ನಿಮ್ಮ ಜೀವ ಉಳಿಸಲಿಕ್ಕೆ. ಪುಷ್ಟಿ ಹೆಚ್ಚಿಸು ಎಂದು ದಿನಾ ದೇವರನ್ನು ಕೇಳಿ, ನೀರು ಕುಡಿಯದೆ ಬಿಸಿಲಿನಲ್ಲಿ ನಿಂತರೆ ಹೇಗೆ?

ಇನ್ನು ಊರಿಗೆ ಹೋಗುವ ಪ್ರಶ್ನೆ. ಡಾಕ್ಟರ ಹತ್ತಿರ ನೇರವಾಗಿ ಮಾತಾಡಿ, 'ನಾನು ಈಗ ಬರಬೇಕೋ, ಹದಿನೈದು ದಿನ ಬಿಟ್ಟು ಬಂದರೆ ಆದೀತೋ' ಎಂದು ಕೇಳಿ. ಮನೆಯವರು ನಿಮ್ಮನ್ನು ನೋಯಿಸಬಾರದು ಅಂತ ಅರ್ಧ ವಿಷಯ ಮುಚ್ಚಿಡುತ್ತಾರೆ. 2021ರ ಮಾರ್ಚ್ 14ರಿಂದ ಜಾರಿಗೆ ಬಂದ ಸುಧಾರಣೆಯಂತೆ ಖಾಸಗಿ ಕಂಪನಿಯ ನೌಕರರು ಎಕ್ಸಿಟ್ ರೀ-ಎಂಟ್ರಿ ವೀಸಾಕ್ಕೆ ತಾವೇ ಅರ್ಜಿ ಹಾಕಬಹುದು. ಮನೆಗೆಲಸದವರು, ಮನೆ ಡ್ರೈವರುಗಳಿಗೆ ಇದು ಅನ್ವಯಿಸುವುದಿಲ್ಲ, ಅವರು ಕಫೀಲರನ್ನೇ ಕೇಳಬೇಕು. ಹೋಗಲು ಸಾಧ್ಯ ಇದ್ದರೆ ಹೋಗಿ. ಜಪದ ಸಂಖ್ಯೆ ಪೂರ್ತಿಯಾಗಿಲ್ಲ ಎಂದು ಯಾರೂ ವಿಮಾನ ಬಿಡಬೇಕಾಗಿಲ್ಲ. ತಾಯಿಯ ಕೈ ಹಿಡಿದು ಕೂತ ಒಂದು ಗಂಟೆಗೆ ಸಮನಾದ ಮಾಲೆ ಯಾವುದೂ ಇಲ್ಲ.

ಹೋಗಲಾಗದವರು ಬಹಳ ಮಂದಿ. ಇಕಾಮಾ ಮುಗಿದಿರುತ್ತದೆ, ಸಾಲ ಇರುತ್ತದೆ, ರಜೆ ಸಿಗುವುದಿಲ್ಲ. ಅಂಥವರಿಗೆ ಈ ಮಂತ್ರ ಕೊಡುವುದು ದಿನಕ್ಕೆ ಹದಿನೆಂಟು ನಿಮಿಷ, ಒಂದು ಮುಖದ ನೆನಪು, 'ನಾವು' ಎಂದು ಶುರುವಾಗುವ ಒಂದು ಮಾತು. ಆ ಹದಿನೆಂಟು ನಿಮಿಷ ಮುಗಿದ ಕೂಡಲೇ ಊರಿಗೆ ಫೋನ್ ಮಾಡಿ. ಮಾತ್ರೆ ತೆಗೆದುಕೊಂಡರಾ ಎಂದು ಕೇಳಿ. ನಿಮ್ಮ ಧ್ವನಿಯೂ ಅವರಿಗೆ ಪುಷ್ಟಿಯೇ.